ಓಡದ ಕಿಲೋಮೀಟರು

ಮೊದಲು ಕೀಲಿಯನ್ನು ದೂರ ಇಡಬೇಕು.
ಅವಲಕ್ಕಿ ಡಬ್ಬಿಯೊಳಗೆ ಹಾಕಿ, ಮುಚ್ಚಳ ಬಿಗಿದು,
ಅಡುಗೆಮನೆಯ ಮೇಲಿನ ಗೂಡಿಗೆ ಏರಿಸಿ ಬಂದೆ.
ಇದು ಸುಮ್ಮನಿದೆಯೆಂದರೆ ಮಲಗಿದೆ ಅನ್ನುವಂತಿಲ್ಲ,
ನಿದ್ದೆ ನಟಿಸುವ ಮಗುವಿನ ಜಾತಿ.
ಬ್ಯಾಟರಿ ಇಳಿಯಿತೋ, ತಾನೇ ಎದ್ದು ಗುರ್ರೆನ್ನುತ್ತದೆ
ಅಡಿಯಲ್ಲಿ ನನ್ನ ಕೈ ಇದೆಯೋ ಇಲ್ಲವೋ ಕೇಳದೆ.

ಗೋಪಾಳದ ನಮ್ಮ ಓಣಿ ಮೊದಲೇ ಇಳಿಜಾರು.
ಹಿಂದಿನ ಗಾಲಿಗೆ ಅಜ್ಜಿಯ ಗುಂಡುಕಲ್ಲು ಕೊಟ್ಟೆ,
ಮಿಕ್ಸಿ ಬಂದ ಮೇಲೆ ಅದಕ್ಕೆ ಸಿಕ್ಕ ಮೊದಲ ಕೆಲಸ.
ಮುಂದೆ ಜಾಕು, ಜಾಕಿನ ಆಚೀಚೆ ಸ್ಟ್ಯಾಂಡು.
ಹಳೇ ಫ್ಲೆಕ್ಸು ಹಾಸಿ ಅಂಗಾತ ಒಳಗೆ ಜಾರಿದೆ.
ಫ್ಲೆಕ್ಸಿನಲ್ಲಿ ಯಾರೋ ಕೈಮುಗಿದು ಹಬ್ಬದ ಶುಭಾಶಯ ಕೋರುತ್ತಿದ್ದಾರೆ,
ಅವರ ಕೈಮೇಲೆ ನನ್ನ ಬೆನ್ನು.

ಶೋರೂಮಿನ ಹುಡುಗ ಹೇಳಿದ್ದ: ಹೈಬ್ರಿಡ್ಡು ಮೇಡಂ, ಮನೇಲೆಲ್ಲ ಬೇಡ,
ಕಿತ್ತಳೆ ಬಣ್ಣದ ವೈರು ಮುಟ್ಟಿದರೆ ಕತೆ ಮುಗೀತು.
ಮುಟ್ಟುವುದಿಲ್ಲ ಮಾರಾಯ.
ಇಪ್ಪತ್ತಾರು ವರ್ಷ ಜನರ ತೋಳಲ್ಲಿ ನರ ಹುಡುಕಿದ್ದೇನೆ,
ಯಾವುದನ್ನು ಚುಚ್ಚಬೇಕು, ಯಾವುದನ್ನು ಬಿಡಬೇಕು
ಬೆರಳಿಗೆ ಗೊತ್ತು.

ಮೀಟರು ಹತ್ತು ಸಾವಿರ ಮುಗಿಯಿತು ಅನ್ನುತ್ತದೆ.
ಯಾರ ಹತ್ತು ಸಾವಿರ?
ಸಾಗರದ ದಾರಿಯ ಏರಿನಲ್ಲಿ ನೀನು ಏದುಸಿರು ಬಿಟ್ಟದ್ದು ಸರಿ.
ಗಾಂಧಿ ಬಜಾರಿನ ಜನದ ನಡುವೆ, ಬಿ.ಎಚ್. ರಸ್ತೆಯ ಸಿಗ್ನಲ್ಲಿನಲ್ಲಿ,
ಆಗುಂಬೆಯ ಅಷ್ಟೂ ತಿರುವು ಇಳಿಯುವಾಗ
ನೀನು ಮಲಗಿದ್ದೆ, ಇಂಜಿನ್ನೇ.
ಬೇರೆಯವರ ನಡಿಗೆಯೂ ನಿನ್ನ ಲೆಕ್ಕಕ್ಕೇ ಬಿತ್ತು.
ನಮ್ಮ ಲ್ಯಾಬಿನ ಹಾಜರಿ ಪುಸ್ತಕವೂ ಹೀಗೇ,
ಅದನ್ನು ಇಲ್ಲಿ ಬಿಚ್ಚುವುದು ಬೇಡ.

ಹದಿನಾಲ್ಕರ ಸ್ಪ್ಯಾನರು. ಎಡಕ್ಕೆ. ಇನ್ನೂ ಸ್ವಲ್ಪ.
ಬೋಲ್ಟು ಕೈಗೆ ಬಂದದ್ದೇ
ಬೆಚ್ಚನೆಯ ಕಪ್ಪು ಮಣಿಕಟ್ಟು ತೊಯ್ಸಿ
ಮೊಣಕೈವರೆಗೂ ಇಳಿಯಿತು.
ರಕ್ತದ ಹಾಗೆ ಅನ್ನುವುದು ಸುಲಭ.
ಅನ್ನುವುದಿಲ್ಲ, ರಕ್ತ ನನಗೆ ಗೊತ್ತು.
ಇದು ಒಲೆಯ ಮೇಲಿಟ್ಟು ಮರೆತ ಬೆಲ್ಲದ ಪಾಕ, ಅಂಟಿಲ್ಲದ್ದು.
ಬೆರಳ ನಡುವೆ ತಿಕ್ಕಿದರೆ ಪೆಟ್ರೋಲಿನ ವಾಸನೆ:
ಬಿಸಿಯಾಗುವ ಮುಂಚೆಯೇ ಮಲಗಿ, ಎದ್ದು, ಮಲಗಿ,
ಸುಡಬೇಕಾದ್ದು ಸುಡದೆ ಬೆರೆತುಕೊಂಡದ್ದು.
ಅರೆ ಎಚ್ಚರಕ್ಕೂ ಒಂದು ಕೊಳೆ ಇದೆ.

ಫಿಲ್ಟರು ಬಿಚ್ಚಿ, ಹೊಸದರ ರಬ್ಬರಿಗೆ ಎಣ್ಣೆ ಸವರಿ,
ಕೈಯಲ್ಲೇ ಬಿಗಿದು, ಹೊರಗೆ ಬಂದು,
ಲಾಳಿಕೆ ಇಟ್ಟೆ.
ಜೇನಿನ ಬಣ್ಣ, ನೀರಿನಷ್ಟು ತೆಳು, ಲೀಟರಿಗೆ ಒಂಬೈನೂರು,
ಸುರಿಯುತ್ತ, ಏನೋ ಗುನುಗುತ್ತ,
ಕಾಲ ಬಳಿ ನೋಡುತ್ತೇನೆ:
ಬೋಲ್ಟು
ಫ್ಲೆಕ್ಸಿನವರ ಹಣೆಯ ಮೇಲೆ ಬೊಟ್ಟಿನಂತೆ ಕೂತಿದೆ.

ಅಯ್ಯೋ.

ಕೆಳಗೆ ಬೋಗುಣಿಯ ಕಪ್ಪಿಗೆ
ಚಿನ್ನದ ದಾರ ಇಳಿಯುತ್ತಲೇ ಇದೆ.
ನುಗ್ಗಿ, ಹೆಬ್ಬೆರಳು ತೂತಿಗೆ ಒತ್ತಿದೆ.
ಇಪ್ಪತ್ತಾರು ವರ್ಷ ಕಂಡಕಂಡವರಿಗೆ ಹೇಳಿದ ಮಾತು
ಈಗ ನನಗೇ:
ಒತ್ತಿ ಹಿಡ್ಕೊಳ್ಳಿ, ಬಿಡಬೇಡಿ.

ಆಚೆಮನೆಯ ಮುಸದ್ದಿಕ್ ಬಂದದ್ದು ಆಗ.
ಸೆಂಟ್ರಿಂಗ್ ಕೆಲಸದವನು, ಹಳೇ ಆಯಿಲು ಬೇಕೆಂದು ಹೇಳಿಟ್ಟಿದ್ದ.
ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ,
ಬೋಲ್ಟು ಒರೆಸಿ ಕೈಗೆ ಕೊಟ್ಟ, ನಗಲಿಲ್ಲ.
ಗೇಟಿನಾಚೆ ಹೋಗಿ ನಕ್ಕಿರಬೇಕು.
"ಎಂತಕ್ಕಾ, ಇದರಲ್ಲಿ ಹೊಸದೂ ಇದೆಯಲ್ಲ?"
"ಇದೆ. ಅರ್ಧ ಲೀಟರು."
"ಇರಲಿ ಬಿಡಿ. ಹಲಗೆಗೆ ಹೊಸದು ಹಳೇದು ಗೊತ್ತಾಗಲ್ಲ."

ತಿಂಗಳ ಮೇಲೆ ಊರುಗಡೂರಿನ ಹತ್ತಿರ ಕರೆದು ತೋರಿಸಿದ.
ಯಾರದೋ ಎರಡು ಕೋಣೆಯ ಮನೆ, ಆಗಷ್ಟೇ ಹಲಗೆ ಬಿಚ್ಚಿದ ತಾರಸಿ.
ಎಲ್ಲೂ ಕಚ್ಚಿಲ್ಲ, ಕಿತ್ತಿಲ್ಲ.
ಮರದ ಗೆರೆಗಳು, ಒಂದು ಗಂಟು,
ಸಿಮೆಂಟಿನಲ್ಲಿ ಹಾಗೇ ಅಚ್ಚಾಗಿ ಉಳಿದಿವೆ.
ಮೂಲೆಯ ಒಂದು ಚೌಕ ತೋರಿಸಿ
"ನಯ ನೋಡಿ ಅಕ್ಕ, ಅದು ನಿಮ್ಮ ನಾನೂರೈವತ್ತು" ಅಂದ.

ಸುಳ್ಳೇ ಇರಬೇಕು.
ಕತ್ತು ನೋಯುವವರೆಗೆ ನೋಡುತ್ತ ನಿಂತೆ.